ಕುದುರೆಬಂಡಿಯ ಸೀಮೆಯಲ್ಲಿ ಕಾರಿಗೊಂದು ಮನೆ

ಷಿಕಾಗೋ ನಗರದಿಂದ ಹೊರಟು, ಮಿಷಿಗನ್ ಸರೋವರದ ದಕ್ಷಿಣ ತುದಿಯನ್ನು ಬಳಸಿ ಪೂರ್ವಕ್ಕೆ ತಿರುಗಿದರೆ ಸುಮಾರು ಎರಡು ಗಂಟೆಯ ದಾರಿಯಲ್ಲಿ ಎಲ್ಕ್‌ಹಾರ್ಟ್ ಸಿಕ್ಕುತ್ತದೆ. ಇಂಡಿಯಾನಾ ಸಂಸ್ಥಾನದ ಉತ್ತರದ ಅಂಚಿನ ಈ ಊರಿನಲ್ಲಿ ಎಲ್ಕ್‌ಹಾರ್ಟ್ ನದಿಯು ಸೇಂಟ್ ಜೋಸೆಫ್ ನದಿಯನ್ನು ಕೂಡುತ್ತದೆ. ಸಂಗಮವೆಂದೊಡನೆ ನಮ್ಮವರು ಸ್ನಾನಘಟ್ಟವನ್ನೂ ಗುಡಿಯನ್ನೂ ನೆನೆದಾರು. ಅಲ್ಲಿರುವುದು ಒಂದು ಪುಟ್ಟ ದ್ವೀಪದ ಉದ್ಯಾನ. ಮೊದಲು ಬ್ಯಾಂಡ್ ವಾದ್ಯಗಳಿಂದ ಹೆಸರಾದ ಊರು, ಆಮೇಲೆ ಟ್ರೇಲರುಗಳಿಂದ ಜಗತ್ಪ್ರಸಿದ್ಧವಾಯಿತು.

ರಜೆಯಲ್ಲಿ ವಿಹಾರ ಹೊರಡುವವರ ಚಕ್ರದ ಮನೆಗಳೇ ಇಲ್ಲಿ ಹೆಚ್ಚು. ಅವುಗಳ ಜೊತೆಗೆ, ಸ್ಪೋರ್ಟ್ಸ್ ಕಾರನ್ನು ಒಳಗಿಟ್ಟು ಸಾಗಿಸುವ ಮುಚ್ಚಿದ ಟ್ರೇಲರುಗಳೂ ತಯಾರಾಗುತ್ತವೆ. ಓಡಲೆಂದೇ ಹುಟ್ಟಿದ ಕಾರನ್ನು ಹೊತ್ತುಕೊಂಡು ಹೋಗುವುದೇಕೆಂದು ವಾಚಕರು ನಗಬಹುದು. ಪಂದ್ಯಕ್ಕೆಂದೇ ಕಟ್ಟಿದ ಕಾರಿಗೆ ಹೆದ್ದಾರಿಯಲ್ಲಿ ಓಡುವ ಪರವಾನಗಿ ಇರುವುದಿಲ್ಲ. ಹಳೆಯ ಅಪರೂಪದ ಕಾರಿಗೋ ಮಳೆ, ಸಿಡಿಯುವ ಕಲ್ಲು, ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು ಎಲ್ಲವೂ ಶತ್ರುಗಳೇ.

ನಿಜವಾದ ಸೋಜಿಗ ಬೇರೆ ಇದೆ. ಈ ಸೀಮೆಯ ಟ್ರೇಲರ್ ಉದ್ಯಮದಲ್ಲಿ ದುಡಿಯುವವರಲ್ಲಿ ಆಮಿಷ್ ಪಂಥದ ಕ್ರೈಸ್ತರು ಬಹುಮಂದಿ. ನಮ್ಮ ಭಾಷೆಯ ಆಮಿಷಕ್ಕೂ ಇವರಿಗೂ ಎಣ್ಣೆ-ಸೀಗೆಕಾಯಿಯ ಸಂಬಂಧ. ಲೋಕದ ಆಮಿಷಗಳನ್ನು ದೂರವಿಟ್ಟವರೇ ಇವರು. ಸ್ವಂತ ಕಾರನ್ನು ಇಟ್ಟುಕೊಳ್ಳುವಂತಿಲ್ಲ. ಕುದುರೆಬಂಡಿ, ಬೈಸಿಕಲ್ಲುಗಳಲ್ಲಿ ಸಂಚಾರ. ಆದರೆ ಮರಗೆಲಸ ಇವರಿಗೆ ಕರಗತ. ತಾವು ಎಂದೂ ಕೊಳ್ಳದ ಕಾರಿಗೆ ಇವರು ಮನೆ ಕಟ್ಟಿಕೊಡುತ್ತಾರೆ.

ಆ ಮನೆಯ ತಳಹದಿ ಉಕ್ಕಿನ ಚೌಕಟ್ಟು. ಅದರ ಮೇಲೆ ಮುಕ್ಕಾಲು ಅಂಗುಲದ ಪ್ಲೈವುಡ್ ನೆಲ; ಗೋಡೆಗೂ ಸೂರಿಗೂ ಅಲ್ಯೂಮಿನಿಯಂ ತಗಡು; ಪೆಟ್ರೋಲಿನ ಆವಿ ನಿಲ್ಲದಂತೆ ಗಾಳಿಕಂಡಿ. ಹಿಂಬದಿಯ ಬಾಗಿಲನ್ನು ಕೆಳಗಿಳಿಸಿದರೆ ಅದೇ ಕಾರು ಹತ್ತುವ ಇಳಿಜಾರು. ಸ್ಪೋರ್ಟ್ಸ್ ಕಾರಿನ ಹೊಟ್ಟೆ ನೆಲದಿಂದ ನಾಲ್ಕೈದು ಅಂಗುಲ ಎತ್ತರದಲ್ಲಿದ್ದರೆ ಹೆಚ್ಚು. ಇಳಿಜಾರು ಕಡಿದಾದರೆ ಮೂತಿ ತರಚುತ್ತದೆ. ಆದುದರಿಂದ ಒಳನೆಲದ ಕೊನೆಯ ಕೆಲವು ಅಡಿಗಳನ್ನೂ ತುಸು ಕೆಳಕ್ಕೆ ಬಾಗಿಸುತ್ತಾರೆ.

ಅಗಲದ ತಾಪತ್ರಯ ಇನ್ನೂ ದೊಡ್ಡದು. ಹೊರಗಿನ ಅಗಲ ಕಾನೂನಿನ ಮೇರೆಗೆ ೧೦೨ ಅಂಗುಲವನ್ನು ಮೀರಬಾರದು. ಗಾಲಿಗಳ ಮೇಲಿನ ಪೆಟ್ಟಿಗೆಗಳು ಒಳಕ್ಕೆ ಚಾಚಿರುವುದರಿಂದ, ಆರಡಿಗೂ ಮಿಕ್ಕ ಅಗಲದ ಕಾರಿನ ಮಗ್ಗುಲಲ್ಲಿ ಒಂದು ಗೇಣು ಜಾಗವೂ ಉಳಿಯದು. ಕಾರನ್ನು ಒಳಗೆ ತಂದ ಮಹಾಶಯ ಬಾಗಿಲು ತೆರೆಯಲಾರದೆ ಕಿಟಕಿಯಿಂದ ನುಸುಳಬೇಕು! ಈ ಫಜೀತಿ ಬೇಡವೆನ್ನುವವರಿಗಾಗಿ ಗಾಲಿಪೆಟ್ಟಿಗೆಯ ಮೇಲೆ, ಗೋಡೆಯಲ್ಲಿಯೇ ಒಂದು ಬಾಗಿಲನ್ನು ಕೊರೆದಿಡುತ್ತಾರೆ.

ಇಷ್ಟೆಲ್ಲ ಸೌಕರ್ಯದ ಮಾತಾಯಿತು. ಪ್ರಾಣದ ಮಾತು ತೂಕದ್ದು. ಎತ್ತಿನ ಗಾಡಿಗೆ ಹೇರು ಹಾಕುವ ನಮ್ಮ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ: ಹಿಂದೆ ಭಾರವಾದರೆ ಮೂಕಿ ಮೇಲಕ್ಕೇಳುತ್ತದೆ, ಮುಂದೆ ಅತಿಯಾದರೆ ಎತ್ತಿನ ಹೆಗಲು ಮುರಿಯುತ್ತದೆ. ಟ್ರೇಲರಿನ ಒಟ್ಟು ಭಾರದಲ್ಲಿ ನೂರಕ್ಕೆ ೧೦ರಿಂದ ೧೫ ಪಾಲು ಮುಂದಿನ ಕೊಂಡಿಯ ಮೇಲೆ ಕೂರಬೇಕು. ಕಡಮೆಯಾದರೆ, ವೇಗ ಏರಿದಂತೆ ಬಂಡಿ ಹಾವಿನಂತೆ ಹೊರಳಾಡಿ, ಎಳೆಯುವ ವಾಹನವನ್ನೂ ಸೆಳೆದು ಉರುಳಿಸೀತು. ಎರಡು ಅಚ್ಚುಗಳನ್ನು ನಡುವಿನಿಂದ ತುಸು ಹಿಂದಕ್ಕೆ ಕೂರಿಸುವ ಗುಟ್ಟು ಇದು. ಕಾರನ್ನು ಬಿಗಿಯುವ ಉಂಗುರಗಳೂ ಬರಿಯ ಪ್ಲೈವುಡ್ಡಿನಲ್ಲಿ ನೆಟ್ಟರೆ ಸಾಲದು. ಕೆಳಗಿನ ಉಕ್ಕಿಗೆ ಬೋಲ್ಟಾಗಬೇಕು. ಹೊರಗಣ ಬಣ್ಣಕ್ಕೆ ಹಣ ಸುರಿದು ಈ ಉಂಗುರಗಳಲ್ಲಿ ಉಳಿತಾಯ ಹುಡುಕುವ ಗ್ರಾಹಕನ ಜಾಣತನವನ್ನು ನಾನು ಮೆಚ್ಚಲಾರೆ. ಕೊಂಡಿ ಕಳಚಿದರೂ ಟ್ರೇಲರಿನ ಪುಟ್ಟ ಬ್ಯಾಟರಿ ತಾನಾಗಿ ಬ್ರೇಕು ಹಾಕುವ ಏರ್ಪಾಡೂ ಉಂಟು.

ವಿಹಾರದ ವಸ್ತುಗಳನ್ನು ನಂಬಿದ ಊರಿಗೆ ಕಷ್ಟಕಾಲದಲ್ಲಿ ಮೊದಲ ಪೆಟ್ಟು. ೨೦೦೯ರಲ್ಲಿ ಇಲ್ಲಿ ನೂರಕ್ಕೆ ಹದಿನೆಂಟಕ್ಕೂ ಹೆಚ್ಚು ಮಂದಿ ನಿರುದ್ಯೋಗಿಗಳಾದರು. ಆ ಫೆಬ್ರವರಿಯಲ್ಲಿ ಅಧ್ಯಕ್ಷ ಒಬಾಮಾ ಸ್ವತಃ ಬಂದು ಹೋದರು. ಕೆಲಸ ಕಳೆದುಕೊಂಡವರಲ್ಲಿ ಆಮಿಷ್ ಜನರೂ ಇದ್ದರು. ವರ್ಷಗಳು ಕಳೆದಂತೆ ಕಾರ್ಖಾನೆಗಳು ಚೇತರಿಸಿಕೊಂಡವು. ಕೆಲಸ ನಸುಕಿನಲ್ಲೇ ತೊಡಗಿ ಮಧ್ಯಾಹ್ನಕ್ಕೆಲ್ಲ ಮುಗಿಯುವುದು ಇಲ್ಲಿನ ರೂಢಿ. ಹೊಲವುಳ್ಳವರಿಗೆ ಹಗಲು ಇನ್ನೂ ಅರ್ಧ ಉಳಿದಿರುತ್ತದೆ.