ಎಡಜೇಬಿನ ಮನೆತನ

ನಮ್ಮ ಮನೆತನದ ಇತಿಹಾಸ ಹಲವು ವರ್ಷ ನನ್ನ ಪ್ಯಾಂಟಿನ ಎಡಜೇಬಿನಲ್ಲೇ ಓಡಾಡಿಕೊಂಡಿತ್ತು. ಹೆಬ್ಬೆರಳುದ್ದದ ಪೆನ್‌ಡ್ರೈವು. ಅದರ ಮುಚ್ಚಳ ಶುರುವಿನಲ್ಲೇ ಮೆಜೆಸ್ಟಿಕ್ಕಿನಲ್ಲೆಲ್ಲೋ ಬಿದ್ದುಹೋಗಿತ್ತು. ಚಿಲ್ಲರೆ ಕಾಸು, ಮಡಚಿದ ಬಸ್ ಟಿಕೆಟು, ಯಾವುದೋ ಮದುವೆಯಲ್ಲಿ ಕೊಟ್ಟ ಅಡಿಕೆಹೋಳು ಇವುಗಳ ಸಹವಾಸದಲ್ಲಿ ನಮ್ಮ ಏಳು ತಲೆಮಾರಿನವರು ಶುಕ್ರವಾರ ರಾತ್ರಿ ತೀರ್ಥಹಳ್ಳಿ ಬಸ್ಸು ಹತ್ತಿ, ಭಾನುವಾರ ರಾತ್ರಿ ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತಿದ್ದರು. ಟಿಕೆಟು ನನಗೊಬ್ಬನಿಗೇ.

ಅಪ್ಪಯ್ಯ ಮೇಷ್ಟರಾಗಿದ್ದು ನಿವೃತ್ತರಾದವರು. ತೋಟ, ಸೊಸೈಟಿ ಮೀಟಿಂಗು, ಊರವರ ಮದುವೆ ಮುಂಜಿ ಎಲ್ಲ ಮುಗಿಸಿದ ಮೇಲೂ ಅವರ ದಿನ ಇನ್ನೂ ಉಳಿದಿರುತ್ತಿತ್ತು. ಆಗ ಮನೆಯ ಚರಿತ್ರೆ ಬರೆಯಲು ಕೂತರು. ಶಿವಮೊಗ್ಗದಲ್ಲಿ ಜೋಡಿಸಿ ತಂದ ಕಂಪ್ಯೂಟರು, ನುಡಿ ತಂತ್ರಾಂಶ, ಎರಡು ಬೆರಳು. ನಾನು ಬೆಂಗಳೂರಿನಲ್ಲಿ ಪುಸ್ತಕಗಳಿಗೆ ಪುಟ ಕಟ್ಟಿ ಬದುಕುವವನಾದ್ದರಿಂದ ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ಅವರು ಅಲ್ಲಿ ಬರೆಯಬೇಕು, ನಾನು ಇಲ್ಲಿ ತಿದ್ದಬೇಕು, ಕೊನೆಗೆ ಎರಡೂ ಕಂಪ್ಯೂಟರಿನಲ್ಲಿ ಒಂದೇ ಪ್ರತಿ ಇರಬೇಕು. ಇಷ್ಟೇ. ಇಂಟರ್‌ನೆಟ್ಟಿನಲ್ಲಿ ಕಳಿಸಬಾರದಿತ್ತೇ ಎನ್ನುವವರು ಮಳೆಗಾಲದಲ್ಲಿ ಒಮ್ಮೆ ಆಗುಂಬೆಯ ಕಡೆಗೆ ಬಂದು ನೋಡಬೇಕು. ಜೂನಿನಲ್ಲಿ ಟೆಲಿಫೋನ್ ತಂತಿಯ ಮೇಲೆ ಬಿದ್ದ ಕೊಂಬೆ ದಸರಾ ಹೊತ್ತಿಗೂ ಅಲ್ಲೇ ಇರುತ್ತಿತ್ತು. ಅಷ್ಟರಲ್ಲಿ ಅದರ ಮೇಲೆ ಸೀತಾಳೆ ಹೂವಿನ ಗಿಡ ಕೂಡ ಬದುಕಿಕೊಂಡಿರುತ್ತಿತ್ತು.

ಈ ಕಾಯಿಲೆ ನಮ್ಮ ಮನೆಗೆ ಮಾತ್ರ ಬಂದದ್ದಲ್ಲ. ವಿಂಡೋಸ್ 95ರಲ್ಲಿ ಡೆಸ್ಕ್‌ಟಾಪಿನ ಮೇಲೆ 'ಮೈ ಬ್ರೀಫ್‌ಕೇಸ್' ಎಂಬ ಪುಟ್ಟ ಪೆಟ್ಟಿಗೆಯ ಚಿತ್ರವಿರುತ್ತಿದ್ದದ್ದು ಕೆಲವರಿಗಾದರೂ ನೆನಪಿರಬಹುದು. ಆಫೀಸಿನ ಫೈಲನ್ನು ಅದರೊಳಗೆ ಹಾಕಿ, ಪೆಟ್ಟಿಗೆಯನ್ನು 1.44 ಎಂಬಿಯ ಫ್ಲಾಪಿಯಲ್ಲಿ ಮನೆಗೆ ಒಯ್ದು, ತಿದ್ದಿ, ಮಾರನೇ ದಿನ ತಂದು 'ಅಪ್‌ಡೇಟ್ ಆಲ್' ಒತ್ತಿದರೆ ಎರಡೂ ಪ್ರತಿ ಒಂದಾಗಬೇಕು ಎಂಬ ಲೆಕ್ಕಾಚಾರ. ಮೂಲಪ್ರತಿಯ ಸಂಬಂಧ ಕಡಿದುಹೋದ ಫೈಲಿನ ಮುಂದೆ ಅದು 'ಆರ್ಫನ್' ಎಂದು ಬರೆಯುತ್ತಿತ್ತು. ಅಷ್ಟು ನಿರ್ವಿಕಾರವಾಗಿ ಯಾರನ್ನಾದರೂ ಅನಾಥರೆಂದು ಘೋಷಿಸಿದ್ದನ್ನು ನಾನು ತಾಲ್ಲೂಕು ಕಚೇರಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ. ಆ ಪೆಟ್ಟಿಗೆಯನ್ನು ಬಳಸಿದವರನ್ನೂ ಕಂಡಿಲ್ಲ. ವಿಂಡೋಸ್ 10ರ ಕಾಲಕ್ಕೆ ಅದು ಮಾಯವಾದಾಗ ಅಳಲು ಯಾರೂ ಇರಲಿಲ್ಲ.

ನಾವು ಬಳಸಿದ್ದು ಪುಕ್ಕಟೆ ಸಿಗುವ ಒಂದು ಸಿಂಕ್ ಪ್ರೋಗ್ರಾಂ. ಎಡಗಡೆ ಕಂಪ್ಯೂಟರಿನ ಫೋಲ್ಡರು, ಬಲಗಡೆ ಪೆನ್‌ಡ್ರೈವಿನ ಫೋಲ್ಡರು, ನಡುವೆ ಬಾಣಗಳು. ಯಾವ ಕಡೆಯ ಫೈಲು ಹೊಸದೋ ಅದು ಇನ್ನೊಂದು ಕಡೆಗೆ ಹೋಗುತ್ತದೆ. ಊರಿಗೆ ಹೋದ ಕೂಡಲೇ ಒಮ್ಮೆ, ಬೆಂಗಳೂರಿಗೆ ಬಂದ ಕೂಡಲೇ ಒಮ್ಮೆ. ಅಪ್ಪಯ್ಯನಿಗೆ ಆ ಬಾಣಗಳನ್ನು ನೋಡುವುದೆಂದರೆ ಪ್ರೀತಿ. "ನಿಂದು ನಂಗೆ ಬಂತು, ನಂದು ನಿಂಗೆ ಹೋಯ್ತು" ಎಂದು ಬೆರಳಿಟ್ಟು ಓದುತ್ತಿದ್ದರು.

ಆಮೇಲೆ 'ಪಾಲು' ಎಂಬ ಫೈಲಿನ ಉಪದ್ರವ ಶುರುವಾಯಿತು.

ನನ್ನ ಅಭಿಪ್ರಾಯ ಕೇಳಿದರೆ ಇಡೀ ಚರಿತ್ರೆಯಲ್ಲಿ ಓದಿಸಿಕೊಳ್ಳುತ್ತಿದ್ದದ್ದು ಅದೊಂದೇ ಅಧ್ಯಾಯ. ಉಳಿದದ್ದೆಲ್ಲ ಯಾರು ಯಾರಿಗೆ ಹುಟ್ಟಿದರು, ಯಾವ ಊರಿನಿಂದ ಹೆಣ್ಣು ತಂದರು ಎಂಬ ಯಾದಿ. 'ಪಾಲಿ'ನಲ್ಲಿ ಮಾತ್ರ ಜೀವವಿತ್ತು. 1974ರ ಭೂಸುಧಾರಣೆಯಲ್ಲಿ ಗೇಣಿ ಗದ್ದೆಗಳು ಡಿಕ್ಲರೇಷನ್ನಿಗೆ ಹೋದ ಮೇಲೆ ಉಳಿದ ತೋಟವನ್ನು ಅಪ್ಪಯ್ಯ ಮತ್ತು ಚಿಕ್ಕಪ್ಪ ಹಂಚಿಕೊಂಡ ಕಥೆ. ಎಲ್ಲವೂ ಸುಸೂತ್ರವಾಗಿ ನಡೆದು, ಕಡೆಗೆ ಅಗಳದ ಅಂಚಿನ ಒಂದು ಬಕ್ಕೆ ಹಲಸಿನ ಮರದ ಬುಡದಲ್ಲಿ ನಿಂತುಹೋಗಿತ್ತು. ಬುಡ ನಮ್ಮ ಕಡೆಗೆ, ಹಣ್ಣು ಬೀಳುವ ಕೊಂಬೆ ಅವರ ಕಡೆಗೆ. ಪಂಚರು ಬಂದು ಕಾಫಿ ಕುಡಿದು ಹೋದದ್ದು, ಚಿಕ್ಕಪ್ಪ ರಾತ್ರೋರಾತ್ರಿ ಬೇಲಿ ಸರಿಸಿದ್ದು, ಅಜ್ಜಿ ಅದೇ ಮರದ ಹಪ್ಪಳವನ್ನು ಎರಡೂ ಮನೆಗೆ ಕದ್ದು ಹಂಚಿದ್ದು. ಅಪ್ಪಯ್ಯ ಸಿಟ್ಟಿನಲ್ಲಿ ಬರೆದಿದ್ದರು. ಸಿಟ್ಟು ಬಂದಾಗ ಅವರ ಕನ್ನಡಕ್ಕೆ ನನ್ನ ತಿದ್ದುಪಡಿ ಬೇಕಾಗುತ್ತಿರಲಿಲ್ಲ.

ಚಿಕ್ಕಪ್ಪನ ಮೊಮ್ಮಗಳಿಗೆ ಮದುವೆ ಗೊತ್ತಾದ ವಾರ ಅಪ್ಪಯ್ಯ ಆ ಫೈಲನ್ನು ಡಿಲೀಟ್ ಮಾಡಿದರು. ಏಕೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುಂದಿನ ಸಲ ನಾನು ಊರಿಗೆ ಹೋಗಿ ಪೆನ್‌ಡ್ರೈವ್ ಚುಚ್ಚಿ ಸಿಂಕ್ ಮಾಡಿದರೆ ಫೈಲು ಪುನಃ ಬಂದು ಕೂತಿತು. ಅವರು ಮತ್ತೆ ಡಿಲೀಟ್ ಮಾಡಿದರು. ಮತ್ತೆ ಬಂತು. "ಅಲ್ಲ ಮಾರಾಯ, ನಾನು ಬೇಡ ಅಂದದ್ದನ್ನ ನೀನು ಬೆಂಗಳೂರಿಂದ ಹೊತ್ಕೊಂಡು ಬರ್ತೀಯಲ್ಲ?" ಎಂದು ನನ್ನ ಮೇಲೇ ಗುಮಾನಿ. ನಾನು ತರಲಿಲ್ಲ ಎಂದರೆ ನಂಬುವವರು ಯಾರು? ಆ ಅಧ್ಯಾಯ ನನಗೆ ಇಷ್ಟವೆಂಬುದು ಮನೆಯಲ್ಲೆಲ್ಲ ಗೊತ್ತಿತ್ತು.

ನಾನು ಮೊದಲು ಹಿಡಿದದ್ದು ಗಡಿಯಾರವನ್ನು. ಅಪ್ಪಯ್ಯನ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ಸಿಆರ್2032 ಎಂಬ ಮೂರು ವೋಲ್ಟಿನ ಒಂದು ಬಿಲ್ಲೆ ಬ್ಯಾಟರಿ ಇರುತ್ತದೆ. ಕರೆಂಟು ಹೋದರೂ ಹೊತ್ತು ಲೆಕ್ಕ ಹಾಕುತ್ತಿರುವುದು ಅದರ ಕೆಲಸ. ಅದು ಸತ್ತರೆ, ಕರೆಂಟು ಹೋಗಿ ಬಂದಾಗಲೆಲ್ಲ ಕಂಪ್ಯೂಟರು ತಾನು ಹುಟ್ಟಿದ ವರ್ಷದ ಜನವರಿ ಒಂದಕ್ಕೆ ಮರಳುತ್ತದೆ. ಇಂಟರ್‌ನೆಟ್ಟಿದ್ದರೆ ತಾನಾಗಿ ಸರಿಮಾಡಿಕೊಂಡೀತು, ಇಲ್ಲದಿದ್ದರೆ ಇಲ್ಲ. ನಮ್ಮೂರಿನಲ್ಲಿ ಮಳೆಗಾಲದ ಕರೆಂಟು ಹೇಗೆಂದು ಹೇಳಬೇಕಿಲ್ಲ. ಅಪ್ಪಯ್ಯ ಆಷಾಢದಲ್ಲಿ ಕಷ್ಟಪಟ್ಟು ಬರೆದ ಅಧ್ಯಾಯಗಳೆಲ್ಲ ನನ್ನ ಹಳೇ ಪ್ರತಿಗಿಂತ ಎಷ್ಟೋ ವರ್ಷ ಹಿಂದಿನವು ಎಂದು ತೋರಿಸುತ್ತಿದ್ದವು. ಬಾಣ ನನ್ನ ಕಡೆಯಿಂದ ಅವರ ಕಡೆಗೆ ತಿರುಗಿ, ಹೊಸದನ್ನು ಅಳಿಸಿ ಹಳೆಯದನ್ನು ಕೂರಿಸಲು ಸಿದ್ಧವಾಗಿತ್ತು. ನಿಲ್ಲಿಸಿ, ಕೊಪ್ಪ ಸರ್ಕಲ್ಲಿನ ವಾಚ್ ರಿಪೇರಿ ಅಂಗಡಿಯಿಂದ ಬಿಲ್ಲೆ ತಂದು ಹಾಕಿದೆ. ಅಪ್ಪಯ್ಯ ಹಳೇ ಬಿಲ್ಲೆಯನ್ನು ಅಂಗೈಯಲ್ಲಿಟ್ಟು ನೋಡಿ, "ಇದು ಹೇಳಿದ್ದಕ್ಕೆ ನಾನು ಬರ್ದದ್ದು ಹಳೇದಾಯ್ತೇನೊ?" ಎಂದರು. ಗಡಿಯಾರ ಸರಿಹೋಯಿತು. 'ಪಾಲು' ಮತ್ತೆ ಬಂತು.

ಎರಡನೆಯ ಆರೋಪಿ ಪೆನ್‌ಡ್ರೈವು. ಅದರಲ್ಲಿದ್ದದ್ದು ಫ್ಲಾಪಿ ಕಾಲದ ಫ್ಯಾಟ್ ಎಂಬ ವ್ಯವಸ್ಥೆ. ಅದರ ಕ್ಯಾಲೆಂಡರು ಶುರುವಾಗುವುದೇ 1980ರ ಜನವರಿ ಒಂದರಿಂದ. ಫೈಲು ಬದಲಾದ ಹೊತ್ತನ್ನು ಬರೆದಿಡಲು ಅಲ್ಲಿ ಹದಿನಾರು ಬಿಟ್ಟಿನ ಜಾಗ. ಗಂಟೆಗೆ ಐದು, ನಿಮಿಷಕ್ಕೆ ಆರು ಕೊಟ್ಟರೆ ಸೆಕೆಂಡಿಗೆ ಉಳಿದದ್ದು ಐದು. ಐದು ಬಿಟ್ಟಿನಲ್ಲಿ 32ರ ತನಕ ಲೆಕ್ಕ ಹಿಡಿಯಬಹುದು, ಸೆಕೆಂಡುಗಳೋ 60. ಹಾಗಾಗಿ ಅದು ಸೆಕೆಂಡುಗಳನ್ನು ಎರಡೆರಡಾಗಿಯೇ ಎಣಿಸುತ್ತದೆ. ಕಂಪ್ಯೂಟರಿನೊಳಗಿನ ಎನ್‌ಟಿಎಫ್‌ಎಸ್ ಸೆಕೆಂಡನ್ನು ಕೋಟಿ ಚೂರು ಮಾಡಿ ಲೆಕ್ಕ ಇಡುವ ಕುಳ. ಇವರಿಬ್ಬರಿಗೆ ತಾಳೆಯಾಗುವುದು ಹೇಗೆ? ಕೈಯಲ್ಲಿ ಮುಟ್ಟದ ಫೈಲು ಕೂಡ ಒಂದು ಸೆಕೆಂಡು ಹೊಸದೆಂದು ಕಾಣಿಸಿ, ಬಾಣಗಳ ಜಾತ್ರೆಯೇ ನೆರೆಯುತ್ತಿತ್ತು. ತಿಳಿದವರು ಬರೆದ ಸಿಂಕ್ ಪ್ರೋಗ್ರಾಂಗಳಲ್ಲಿ ಇಂಥ ಎರಡು ಸೆಕೆಂಡನ್ನು ಗಣನೆಗೆ ತೆಗೆದುಕೊಳ್ಳಬೇಡ ಎಂದು ಹೇಳಲು ಒಂದು ಆಯ್ಕೆ ಇಟ್ಟಿರುತ್ತಾರೆ. ಹುಡುಕಿ ಟಿಕ್ ಹಾಕಿದೆ. ಬಾಣಗಳು ಅಡಗಿದವು. 'ಪಾಲು' ಮಾತ್ರ ಬಂತು.

ಈ ಹಂತದಲ್ಲಿ ಅಮ್ಮ ಒಳಗಿನಿಂದ ಕಾಫಿ ತಂದಿಟ್ಟು ಕೇಳಿದ ಪ್ರಶ್ನೆ ನಾನು ಅಲ್ಲಿಯವರೆಗೆ ಕೇಳಿಕೊಂಡಿರಲಿಲ್ಲ. "ಇಲ್ಲಿ ಇಲ್ಲ, ಅದ್ರಲ್ಲಿ ಇದೆ. ಇವ್ರು ತೆಗ್ದದ್ದೋ, ನೀನು ಹೊಸದಾಗಿ ಬರ್ದು ತಂದದ್ದೋ ಅಂತ ಅದಕ್ಕೆ ಹ್ಯಾಗೆ ಗೊತ್ತಾಗ್ಬೇಕು?"

ಗೊತ್ತಾಗುವುದಿಲ್ಲ. ಸಿಂಕ್ ಎಂಬ ವ್ಯವಹಾರದ ಮರ್ಮವೆಲ್ಲ ಇರುವುದು ಇಲ್ಲೇ. ಎರಡು ಫೋಲ್ಡರುಗಳನ್ನು ಎದುರುಬದುರು ಇಟ್ಟು ಎಷ್ಟು ದಿಟ್ಟಿಸಿದರೂ, ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದ ಫೈಲು ಇಲ್ಲಿ ಅಳಿದದ್ದೋ ಅಲ್ಲಿ ಹುಟ್ಟಿದ್ದೋ ಹೇಳಲು ಬಾರದು. ಅದಕ್ಕೆ ಮೂರನೆಯದೊಂದು ಸಾಕ್ಷಿ ಬೇಕು: ಕಳೆದ ಸಲ ಇಬ್ಬರೂ ಸಮ ಎಂದು ಒಪ್ಪಿಕೊಂಡಾಗ ಯಾರ ಬಳಿ ಏನೇನಿತ್ತು ಎಂಬ ಪಟ್ಟಿ. ಆಗ ಎರಡೂ ಕಡೆ ಇದ್ದು ಈಗ ಒಂದು ಕಡೆ ಇಲ್ಲವೆಂದರೆ ಅಳಿಸಿದ್ದು. ಆಗ ಎಲ್ಲೂ ಇಲ್ಲದೆ ಈಗ ಒಂದು ಕಡೆ ಇದೆಯೆಂದರೆ ಹೊಸದು. 1996ರಲ್ಲಿ ಬಂದ ಆರ್‌ಸಿಂಕ್ ಒಂದು ದಿಕ್ಕಿಗೆ ಮಾತ್ರ ಸಾಗಿಸುವುದರಿಂದ ಅದಕ್ಕೆ ಈ ಪಟ್ಟಿಯ ಗೊಡವೆಯಿಲ್ಲ. ಎರಡು ದಿಕ್ಕಿನಲ್ಲೂ ಕೊಡು-ಕೊಳ್ಳು ಮಾಡುವ ಯೂನಿಸನ್‌ನಂಥವು ಅದನ್ನು ಜೋಪಾನವಾಗಿ ಬರೆದಿಟ್ಟುಕೊಳ್ಳುತ್ತವೆ. ನಾವು ಬಳಸುತ್ತಿದ್ದದ್ದೂ ಬರೆದಿಡುತ್ತಿತ್ತು, ಆಯಾ ಫೋಲ್ಡರಿನೊಳಗೇ, ಕಣ್ಣಿಗೆ ಬೀಳದ ಒಂದು ಡ್ಯಾಟ್ ಫೈಲಿನಲ್ಲಿ.

ಅಪ್ಪಯ್ಯನಿಗೆ ಇದನ್ನು ವಿವರಿಸಿದೆ. ಅವರು ತಕ್ಷಣ ಹಿಡಿದುಕೊಂಡರು. "ಪಾಲುಪಟ್ಟಿ ರಿಜಿಸ್ಟ್ರಾಯ್ತೋ ಇಲ್ವೋ ಅಂತ ನೋಡಿದ ಹಾಗೆ." ಆಮೇಲೆ ನಿಧಾನಕ್ಕೆ, "ಡ್ಯಾಟ್ ಅಂದ್ಯಾ?" ಎಂದರು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಒಮ್ಮೆ ಅಪ್ಪಯ್ಯ ಪೆನ್‌ಡ್ರೈವನ್ನು ಪೇಟೆಯ ಜೆರಾಕ್ಸ್ ಅಂಗಡಿಗೆ ಕೊಟ್ಟು ಪ್ರಿಂಟ್ ತೆಗೆಸಿದ್ದರು. ತಂದು ನೋಡಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿದ್ದವು. ಆ ಕಾಲದಲ್ಲಿ ಪೆನ್‌ಡ್ರೈವನ್ನು ಅಂಗಡಿಗೆ ಕೊಟ್ಟವರಿಗೆಲ್ಲ ಆಗುತ್ತಿದ್ದದ್ದೇ. ನಿಜವಾದ ಫೋಲ್ಡರನ್ನು ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟು, ಅದನ್ನು ಒತ್ತಿದವರ ಕಂಪ್ಯೂಟರಿಗೆ ಹತ್ತಿಕೊಳ್ಳುವ ವೈರಸ್ಸು. ಪಕ್ಕದ ಮನೆಯ ಡಿಪ್ಲೊಮಾ ಓದುವ ಹುಡುಗ ಬಂದು, ಕಪ್ಪು ಪರದೆಯಲ್ಲಿ 'ಅಟ್ರಿಬ್' ಎಂದೇನೋ ಕುಟ್ಟಿ, ಅಡಗಿದ್ದ ಏಳು ತಲೆಮಾರನ್ನೂ ಹೊರಗೆಳೆದ. ಹೋಗುವಾಗ ಅಪ್ಪಯ್ಯನಿಗೆ ಅಡಗಿದ ಫೈಲುಗಳನ್ನೂ ತೋರಿಸುವ ಸೆಟ್ಟಿಂಗ್ ಮಾಡಿಕೊಟ್ಟು, "ಗುರ್ತಿಲ್ಲದ ಫೈಲು ಕಂಡ್ರೆ ತೆಗ್ದುಬಿಡಿ ಸಾರ್" ಎಂದು ಉಪದೇಶಿಸಿದ. ಮೇಷ್ಟರಾದವರು ಉಪದೇಶ ಮಾಡುತ್ತಾರೆ, ಪಾಲಿಸುವುದು ಅಪರೂಪ. ಇದೊಂದನ್ನು ಅಪ್ಪಯ್ಯ ವ್ರತದಂತೆ ಪಾಲಿಸಿದ್ದರು. ಪೆನ್‌ಡ್ರೈವ್ ಚುಚ್ಚಿದ ಕೂಡಲೇ, ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ, ಉದ್ದುದ್ದ ಅಂಕಿ ಅಕ್ಷರಗಳ ಹೆಸರಿನ ಆ ಮಸುಕು ಫೈಲನ್ನು ಕಳೆ ಕಿತ್ತಂತೆ ಕಿತ್ತು, ರೀಸೈಕಲ್ ಬಿನ್ನಿನ ಸುಳಿವೂ ಸಿಗದಂತೆ ಶಿಫ್ಟ್ ಒತ್ತಿ ಡಿಲೀಟ್ ಮಾಡುತ್ತಿದ್ದರು. ಸಾಕ್ಷಿ ಸತ್ತ ಮೇಲೆ ಸಿಂಕ್ ಪ್ರೋಗ್ರಾಂ ಪಾಪ ಏನು ಮಾಡೀತು? ಇವರಿಬ್ಬರೂ ಇವತ್ತೇ ಮೊದಲ ಸಲ ಭೇಟಿಯಾಗುತ್ತಿದ್ದಾರೆಂದು ತಿಳಿದು, ಇವರಲ್ಲಿ ಇಲ್ಲದ್ದನ್ನು ಅವರಿಂದ ತಂದು ಧಾರಾಳವಾಗಿ ತುಂಬುತ್ತಿತ್ತು.

"ಅದು ವೈರಸ್ಸಲ್ವೇನೊ?"

"ಅಲ್ಲ ಅಪ್ಪಯ್ಯ. ಅದು ಇದ್ದದ್ದಕ್ಕೇ ಎಲ್ಲ ನಡೀತಿತ್ತು."

"ಹೆಸ್ರು ಹಾಗಿಟ್ಟುಕೊಂಡ್ರೆ ಯಾರು ನಂಬ್ತಾರೆ?" ಎಂದು ಅವರು ಎದ್ದು ತೋಟಕ್ಕೆ ಹೋದರು.

ಡ್ಯಾಟ್ ಫೈಲಿಗೆ ಕೈ ಹಚ್ಚಬಾರದೆಂದು ಮಾನಿಟರಿನ ಅಂಚಿಗೆ ಚೀಟಿ ಅಂಟಿಸಿದೆ. ಒಮ್ಮೆ ಸಿಂಕ್ ಮಾಡಿ ಹೊಸ ಪಟ್ಟಿ ಬರೆಸಿದೆ. ಅಪ್ಪಯ್ಯ ಸಂಜೆ ಬಂದು 'ಪಾಲ'ನ್ನು ಕೊನೆಯ ಸಲ ಡಿಲೀಟ್ ಮಾಡಿದರು. ಮತ್ತೊಮ್ಮೆ ಸಿಂಕ್ ಒತ್ತಿದಾಗ ಬಾಣದ ಜಾಗದಲ್ಲಿ ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಯಾರೂ ನೋಡಿರದ ಕೆಂಪು ಕತ್ತರಿ ಗುರುತು ಬಂತು. ಪೆನ್‌ಡ್ರೈವಿನಿಂದ 'ಪಾಲು' ಹೋಯಿತು. ಬೆಂಗಳೂರಿಗೆ ಬಂದು ಸಿಂಕ್ ಮಾಡಿದೆ. ನನ್ನ ಕಂಪ್ಯೂಟರಿನಲ್ಲೂ ಅದೇ ಕೆಂಪು ಗುರುತು. ಒಂದು ಕ್ಷಣ ಆ ಸಾಲಿನ ಟಿಕ್ ತೆಗೆದು ನನ್ನ ಪ್ರತಿ ಉಳಿಸಿಕೊಳ್ಳೋಣವೇ ಎನಿಸಿತು. ಇದು ಅವರ ಸಿಟ್ಟು, ಇಟ್ಟುಕೊಳ್ಳುವುದೂ ಬಿಡುವುದೂ ಅವರ ಇಷ್ಟ. 'ರನ್' ಒತ್ತಿದೆ. ಬೇಲಿ, ಪಂಚರು, ಅಜ್ಜಿಯ ಹಪ್ಪಳ ಎಲ್ಲ ಒಂದು ಸೆಕೆಂಡೂ ಹಿಡಿಯದೆ ಹೋದವು. ತಾಂತ್ರಿಕವಾಗಿ ನಮ್ಮ ಸಿಂಕ್ ಅಷ್ಟು ಚೊಕ್ಕವಾಗಿ ಅದಕ್ಕೆ ಮೊದಲು ಯಾವತ್ತೂ ಆಗಿರಲಿಲ್ಲ. ಬಹಳ ಹೊತ್ತು ಬೇರೆ ಕೆಲಸ ಮಾಡಲು ಮನಸ್ಸಾಗಲಿಲ್ಲ.

ಮದುವೆ ಆಯಿತು. ಚಿಕ್ಕಪ್ಪ ಅಪ್ಪಯ್ಯನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ತಾವೇ ಎರಡು ಸಲ ಪಾಯಸ ಬಡಿಸಿದರಂತೆ. ಅದಾಗಿ ಒಂದು ದಿನ ಅಪ್ಪಯ್ಯನ ಫೋನು. "ಆ ಪಾಲಿನ ಅಧ್ಯಾಯ ನಿನ್ನ ಹತ್ರ ಎಲ್ಲಾದ್ರೂ ಉಂಟೇನೊ?"

"ಇಲ್ಲ ಅಪ್ಪಯ್ಯ. ಈಗ ಎರಡೂ ಕಡೆ ಸರಿಯಾಗಿದೆಯಲ್ಲ."

"ಥೋ, ಬೇಡದಾಗ ಬರ್ತಿತ್ತು" ಎಂದು ಫೋನಿಟ್ಟರು.

ಮತ್ತೆ ಬರೆಯಲು ಕೂತರು. ಮುಂದಿನ ಸಲ ನಾನು ಊರಿಗೆ ಹೋದಾಗ ಬಾಣ ನನ್ನ ಕಡೆಗೆ ತಿರುಗಿ 'ಪಾಲು' ಎಂಬ ಹೊಸ ಫೈಲು ಬಂತು. ಹಳೆಯದು ಎಲ್ಲೂ ಇಲ್ಲವಾದ್ದರಿಂದ ಯಾವುದನ್ನು ಉಳಿಸಲಿ ಎಂದು ಪ್ರೋಗ್ರಾಂ ಕೇಳಲೂ ಇಲ್ಲ. ಇದರಲ್ಲಿ ಪಂಚರು ಬಂದಿದ್ದರು, ಕಾಫಿ ಕುಡಿದಿದ್ದರು. ಬೇಲಿ ಮಾತ್ರ ಸರಿದಿರಲಿಲ್ಲ. ಅಗಳದ ಅಂಚಿನ ಬಕ್ಕೆ ಹಲಸನ್ನು ಅಣ್ಣನಾದವನೇ ಮುಂದಾಗಿ, ಸಂತೋಷದಿಂದ, ತಮ್ಮನಿಗೆ ಬಿಟ್ಟುಕೊಟ್ಟಿದ್ದ.

ಅಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. "ಮರ ಬಿಟ್ಟುಕೊಟ್ಟದ್ದಾ? ಹಂಗಾದ್ರೆ ಮೂರು ವರ್ಷ ಅವ್ರ ಮನೆಗೆ ನನ್ನನ್ನ ಹೋಗಗೊಡದೆ ಇದ್ದದ್ದು ಯಾವ ಮರಕ್ಕೆ?" ಎಂದು ಅಪ್ಪಯ್ಯನ ಮುಖ ನೋಡಿದಳು. ಅಪ್ಪಯ್ಯ ನನ್ನ ಕಡೆ ತಿರುಗಿ, "ಅವಳ ಹತ್ರ ಒಂದು ಹಳೇ ಪ್ರತಿ ಉಳ್ದುಬಿಟ್ಟಿದೆ ನೋಡು" ಎಂದರು.