ಹೊನ್ನೆಯೋ, ಬೀಟೆಯೋ?

ಹೊನ್ನೆ ಮರವನ್ನು ಗುರುತಿಸಲು ಮಲೆನಾಡಿನ ಹಳಬರು ಹೇಳುವ ಉಪಾಯ ಸುಲಭದ್ದು. ತೊಗಟೆಗೆ ಕತ್ತಿಯಿಂದ ಒಂದು ಕಚ್ಚು ಹಾಕಬೇಕು. ರಕ್ತದಂಥ ರಸ ಒಸರಿದರೆ ಅದು ಹೊನ್ನೆ. ಆದರೆ ಇದು ಅರ್ಧ ಪರೀಕ್ಷೆ ಮಾತ್ರ. ಕಚ್ಚು ಹಾಕಿದರೆ ಮುತ್ತುಗದಲ್ಲೂ ಕೆಂಪು ರಸ ಬರುತ್ತದೆ, ಜಾಯಿಕಾಯಿ ಬಳಗದ ರಾಮಪತ್ರೆಯಲ್ಲೂ ಬರುತ್ತದೆ. ಇವೆರಡನ್ನೂ ಎಲೆ ನೋಡಿಯೇ ಬದಿಗಿಡಬಹುದು. ಮುತ್ತುಗಕ್ಕೆ ಮೂರು ಮೂರು ಎಲೆ, ರಾಮಪತ್ರೆಯದು ಬಿಡಿ ಎಲೆ. ಹೊನ್ನೆಯದಾದರೋ ಸಂಯುಕ್ತ ಪತ್ರ. ಒಂದು ದಂಟಿನಲ್ಲಿ ಸಾಮಾನ್ಯವಾಗಿ 5ರಿಂದ 7 ಕಿರುಎಲೆಗಳು.

ತೀರ್ಥಹಳ್ಳಿ ಕಡೆಯ ಪಿಯುಸಿ ಹುಡುಗನೊಬ್ಬ ಗೊಂದಲಕ್ಕೆ ಬಿದ್ದದ್ದು ಇಲ್ಲಿಯೇ. ಅಜ್ಜನಿಗೆ ಸಕ್ಕರೆ ಕಾಯಿಲೆ. ಹೊನ್ನೆ ಚಕ್ಕೆ ನೆನೆಹಾಕಿದ ನೀರು ಒಳ್ಳೆಯದೆಂದು ಯಾರೋ ಹೇಳಿದ್ದರು. "ಕತ್ತಿ ತಗೊಂಡು ಹೋಗು ಮಾರಾಯ" ಎಂದು ಅಜ್ಜ ಮೊಮ್ಮಗನನ್ನು ಸೊಪ್ಪಿನಬೆಟ್ಟಕ್ಕೆ ಅಟ್ಟಿದರು. ಅಲ್ಲಿ ಬೀಟೆಯೂ ಇತ್ತು. ಬೀಟೆಗೂ ಹೆಚ್ಚುಕಡಿಮೆ ಅಷ್ಟೇ ಕಿರುಎಲೆ. ಹೊಂಗೆಯಲ್ಲಿರುವಂತೆ ಅವು ಎದುರುಬದುರು ಜೋಡಿಯಾಗಿರದೆ, ಹೊನ್ನೆಯಲ್ಲಿರುವಂತೆಯೇ ಆಚೆಗೊಂದು ಈಚೆಗೊಂದು ಹತ್ತುತ್ತ ಹೋಗುತ್ತವೆ. ಬೀಟೆಯದು ಹೆಚ್ಚು ದುಂಡು, ಹೊನ್ನೆಯದು ತುಸು ಉದ್ದ ಎಂದು ಪುಸ್ತಕಗಳು ಹೇಳುವುದು ನಿಜ. ಆದರೆ ಒಂದೇ ಮರದ ಎಲೆಗಳೂ ಅಚ್ಚಿನಲ್ಲಿ ಎರೆದಂತೆ ಇರುವುದಿಲ್ಲವಲ್ಲ!

ಸಂಶಯ ಹರಿಸುವುದು ಕಾಯಿ. ಬೀಟೆಯ ಕಾಯಿ ತೆಳ್ಳನೆಯ ಉದ್ದ ಪಟ್ಟಿ. ಹೊನ್ನೆಯದು ಸಂಡಿಗೆಯಂತೆ ದುಂಡಗೆ, ಚಪ್ಪಟೆ. ನಡುವೆ ಬೀಜವಿರುವ ಗಟ್ಟಿ ಗಂಟು, ಸುತ್ತಲೂ ಕಾಗದದಂಥ ರೆಕ್ಕೆ. ಹೊನ್ನೆಯ ಶಾಸ್ತ್ರೀಯ ಹೆಸರು ಟೆರೊಕಾರ್ಪಸ್ ಮಾರ್ಸೂಪಿಯಂ. ಗ್ರೀಕ್ ಭಾಷೆಯಲ್ಲಿ 'ಟೆರಾನ್' ಎಂದರೆ ರೆಕ್ಕೆ, 'ಕಾರ್ಪಸ್' ಎಂದರೆ ಕಾಯಿ. ಹೂವಿನ ಕಾಲವಾದರೆ ಇನ್ನೂ ಸುಲಭ: ಹೊನ್ನೆ ಹಳದಿ ಗೊಂಚಲು ಬಿಡುತ್ತದೆ, ಬೀಟೆಯದು ಮಾಸಲು ಬಿಳಿಯ ಸಣ್ಣ ಹೂ. ಇದಕ್ಕೆಲ್ಲ ಕತ್ತಿ ಬೇಕಿಲ್ಲ, ಬಗ್ಗಿ ನೆಲ ನೋಡಿದರೂ ಸಾಕು.

ಹುಡುಗ ಹಾಗೆಯೇ ಮಾಡಿದ. ತರಗೆಲೆ ಕೆದಕಿದಾಗ ರೆಕ್ಕೆಗಾಯಿ ಸಿಕ್ಕಿತು. ತಲೆಯೆತ್ತಿದರೆ, ಕಾಂಡದ ಸುತ್ತ ಆಗಲೇ ಯಾರ್ಯಾರೋ ಹಾಕಿದ ಕಚ್ಚುಗಳು; ಒಂದು ಮಗ್ಗುಲಲ್ಲಿ ಮೊಳದಗಲ ತೊಗಟೆಯೇ ಇಲ್ಲ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಅದನ್ನು ಉಂಗುರದಂತೆ ಪೂರ್ತಿ ಸುಲಿದರೆ ಬೇರು ಉಪವಾಸ ಬಿದ್ದು ಮರ ಸಾಯುತ್ತದೆ. ಇನ್ನು ನೀರಿಗೆ ಹಾಕುವ ಚಕ್ಕೆ ತೊಗಟೆಯದಲ್ಲ, ಒಳಗಿನ ಚೇಗಿನದು. ನಿಂತ ಮರದಿಂದ ಅದನ್ನು ತೆಗೆಯುವುದೆಂದರೆ ಮರವನ್ನು ಆಳಕ್ಕೆ ಕಡಿದಂತೆಯೇ. ಇಷ್ಟಾಗಿ, ವೈದ್ಯರು ಕೊಟ್ಟ ಮಾತ್ರೆ ಬಿಟ್ಟು ಚಕ್ಕೆ ನೀರನ್ನೇ ನೆಚ್ಚುವುದು ಅಪಾಯಕ್ಕೆ ದಾರಿ.

ಹುಡುಗ ಕತ್ತಿಯನ್ನು ಸೊಂಟದಿಂದ ತೆಗೆಯಲೇ ಇಲ್ಲ. ಅಂಗಿ ಜೇಬು ತುಂಬ ಕಾಯಿ ತಂದು ಜಗುಲಿಯ ಮೇಲೆ ಸುರಿದ. ಅಜ್ಜ ಒಂದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಆಮೇಲೆ, ಮಾತ್ರೆ ಡಬ್ಬಿ ಎಲ್ಲಿಟ್ಟಿದ್ದೀರಿ ಎಂದು ಒಳಗೆ ಕೂಗಿ ಕೇಳಿದರು.