ಮಯೂರಶಿಖೆಯ ನೆಂಟಸ್ತನ

ಮಸ್ಕತ್ತಿನಲ್ಲಿ ಬಿಸಿಲು ಕೆಂಡವಾಗಿರುವ ಜೂನ್ ತಿಂಗಳ ಕೊನೆಯಲ್ಲಿ ಒಮಾನಿನ ದಕ್ಷಿಣದಂಚಿನ ಧೋಫಾರ್ ಬೆಟ್ಟಗಳಿಗೆ ಮಂಜು ಕವಿಯುತ್ತದೆ. ಸೆಪ್ಟೆಂಬರಿನವರೆಗೂ ಹಿಡಿಯುವ ಈ ತುಂತುರು ಕಾಲಕ್ಕೆ ಇಲ್ಲಿನವರು ‘ಖರೀಫ್’ ಎನ್ನುತ್ತಾರೆ. ಆಗುಂಬೆಯನ್ನು ತೋಯಿಸುವ ನೈಋತ್ಯ ಮಾರುತವೇ ಇದಕ್ಕೂ ಕಾರಣವೆಂದು ತಿಳಿದಾಗ ಸಲಾಲಾದಲ್ಲಿ ನೆಲೆಸಿದ ನಮ್ಮಂಥವರಿಗೆ ಆಗುವ ಸಂತೋಷವನ್ನು, ಮಾನ್ಯ ವಾಚಕರೇ, ನೀವು ಊಹಿಸಬಲ್ಲಿರಿ.

ಸಸ್ಯಶಾಸ್ತ್ರ ಓದಿಯೂ ಹೊಟ್ಟೆಪಾಡಿಗೆ ಲೆಕ್ಕಪತ್ರ ಹಿಡಿದವನು ನಾನು. ಇಂಥದೊಂದು ಖರೀಫಿನಲ್ಲಿ, ಬಂಡೆಯ ಸಂದಿನಲ್ಲಿ ಪುಟ್ಟ ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದ ಜರೀಗಿಡವೊಂದನ್ನು ಚಿತ್ರದುರ್ಗದ ಕಡೆಯವಳಾದ ನನ್ನ ಪತ್ನಿ ಕಂಡಳು. “ಇದು ನಮ್ಮ ಮಯೂರಶಿಖೆ ಅಲ್ಲವೇನ್ರೀ?” ಎಂದಳು. ಹೌದು, ಅದೇ ಕುಲ; ಶಾಸ್ತ್ರದ ಹೆಸರು ಆಕ್ಟಿನಿಯಾಪ್ಟರಿಸ್. ಒಣಗಿದಾಗ ಮುದುಡಿ ಸತ್ತಂತಿದ್ದು, ಹನಿ ಬಿದ್ದೊಡನೆ ಹಸಿರಾಗುವ ಗಿಡ.

“ಅಪ್ಪಾ, ಇದು ಅಲ್ಲಿಂದ ಇಲ್ಲಿಗೆ ಬಂತೋ, ಇಲ್ಲಿಂದ ಅಲ್ಲಿಗೆ ಹೋಯಿತೋ?” ಮಗಳ ಪ್ರಶ್ನೆ.

ಪ್ರಶ್ನೆ ಸುಲಭದ್ದಲ್ಲ. ಈ ಕುಲದಲ್ಲಿರುವುದು ಬೆರಳೆಣಿಕೆಯ ಪ್ರಭೇದಗಳು; ಹೆಚ್ಚಿನವು ಆಫ್ರಿಕದವು. ಭಾರತದ ನೆಲ ಮಡಗಾಸ್ಕರಿನಿಂದ ಬೇರ್ಪಟ್ಟದ್ದು ಸುಮಾರು 9 ಕೋಟಿ ವರ್ಷಗಳ ಹಿಂದೆ. ಅರೇಬಿಯ ಆಫ್ರಿಕದಿಂದ ಸರಿಯತೊಡಗಿದ್ದು ಸುಮಾರು 3 ಕೋಟಿ ವರ್ಷಗಳ ಹಿಂದೆ. ಆದರೆ ಜರೀಗಿಡ ನೆಲವನ್ನೇ ನೆಚ್ಚಬೇಕಾಗಿಲ್ಲ. ಅದರ ಬೀಜಕಣ ಧೂಳಿನಷ್ಟು ಹಗುರ. ಬೇಸಿಗೆಯ ಮಾರುತ ಇಲ್ಲಿಂದ ನಮ್ಮ ಕರಾವಳಿಯತ್ತ ಬೀಸಿದರೆ, ಚಳಿಗಾಲದ್ದು ಮರಳಿ ಇತ್ತ ಬೀಸುತ್ತದೆ. ಎರಡು ದಾರಿಯೂ ತೆರೆದೇ ಇದೆ.

ನೆಂಟಸ್ತನದ ಕತೆ ಇನ್ನೂ ಸ್ವಾರಸ್ಯ. ಮಯೂರಶಿಖೆ ಟೆರಿಡೇಸಿ ಕುಟುಂಬಕ್ಕೆ ಸೇರಿದ್ದು. 2016ರ ಅಂತರರಾಷ್ಟ್ರೀಯ ವರ್ಗೀಕರಣ ಈ ಕುಟುಂಬದಲ್ಲಿ 53 ಕುಲಗಳನ್ನೂ ಸುಮಾರು 1,200 ಪ್ರಭೇದಗಳನ್ನೂ ಎಣಿಸಿದೆ. ಡಿ.ಎನ್.ಎ. ಪರೀಕ್ಷೆಯ ಪ್ರಕಾರ ಮಯೂರಶಿಖೆಗೆ ಅತಿ ಸಮೀಪದ ಬಂಧು ಒನಿಕಿಯಂ. ಅದರ ಎಲೆಯೋ ಗಜ್ಜರಿ ಸೊಪ್ಪಿನಂತೆ ನವಿರಾಗಿ ಸೀಳಿದ್ದು, ಬೀಸಣಿಗೆಯ ಹೋಲಿಕೆ ಎಳ್ಳಷ್ಟೂ ಇಲ್ಲ. ಜಬಲ್ ಅಖ್ದರಿನ ಜಿನುಗುಬಂಡೆಗಳಲ್ಲಿ ಕಪ್ಪು ಕಡ್ಡಿಯ ಅಡಿಯಾಂಟಮ್ ಕಾಣುತ್ತೇವಲ್ಲ, ಅದೂ ಇದೇ ಕುಟುಂಬದ್ದು. ಅದರ ಹತ್ತಿರದ ದಾಯಾದಿಗಳಾದರೋ ಪಶ್ಚಿಮಘಟ್ಟದ ಮರಗಳಿಂದ ಹುಲ್ಲೆಸಳಿನಂತೆ ಜೋತಾಡುವ ವಿಟೇರಿಯಾ ಬಳಗ! ಮುಖ ನೋಡಿ ಗೋತ್ರ ಹೇಳುವ ನಮ್ಮ ಹಿರಿಯರು ಇಲ್ಲಿ ಸೋಲುವುದು ಖಂಡಿತ.

ಇದನ್ನೆಲ್ಲ ವಿವರಿಸಿದಾಗ ಮಗಳು ಗಂಭೀರವಾಗಿ ಕೇಳಿದಳು. ಅವಳು ಹುಟ್ಟಿದ್ದು ಸಲಾಲಾದಲ್ಲಿ. ಹುಟ್ಟಿದ ಮಾತ್ರಕ್ಕೆ ಇಲ್ಲಿನ ಪೌರತ್ವ ದೊರೆಯುವುದಿಲ್ಲ. ನನ್ನ ವಾಸದ ಪರವಾನಗಿ ನೌಕರಿಗೆ ಅಂಟಿಕೊಂಡಿದೆ. ಮುಂದಿನ ವರ್ಷ ನಿವೃತ್ತಿಯಾದೊಡನೆ ಮನೆ ಖಾಲಿಮಾಡಬೇಕು. ನಮಗಿಬ್ಬರಿಗೆ ಅದು ಊರಿಗೆ ಹಿಂದಿರುಗುವುದು. ಅವಳಿಗೆ ಊರು ಬಿಡುವುದು. ಈ ವ್ಯತ್ಯಾಸ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆಲ್ಲ ಎದ್ದು ಕೂರುತ್ತದೆ.

ಮೈಸೂರಿನ ಕಾಲೇಜಿಗೆ ಅವಳ ಅರ್ಜಿ ಸಿದ್ಧವಾಗಿದೆ. ಸಸ್ಯಶಾಸ್ತ್ರವನ್ನೇ ಆರಿಸಿದ್ದಾಳೆ. ‘ಸ್ವಂತ ಊರು’ ಎಂಬಲ್ಲಿ ಮಾತ್ರ ಇನ್ನೂ ಏನೂ ಬರೆದಿಲ್ಲ; ನಾನೂ ಒತ್ತಾಯಿಸಿಲ್ಲ.